ಅಂಕಣಕ್ಕೆ ಗೆರೆ ಎಳೆದ ಸೆಂಡಾ ಬೆರೆನ್‌ಸನ್

1893ರ ಮಾರ್ಚ್ 22. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ಥಾಂಪ್ಟನ್‌ನಲ್ಲಿರುವ ಸ್ಮಿತ್ ಮಹಿಳಾ ಕಾಲೇಜಿನ ವ್ಯಾಯಾಮಶಾಲೆಯಲ್ಲಿ ಮೊದಲ ಹಾಗೂ ಎರಡನೇ ವರ್ಷದ ವಿದ್ಯಾರ್ಥಿನಿಯರು ಎದುರುಬದುರಾಗಿ ನಿಂತಿದ್ದರು. ಸುತ್ತಲೂ ಅವರ ಸಹಪಾಠಿನಿಯರ ಕೋಲಾಹಲ. ಹುಡುಗಿಯರು ಆಟದ ಉಡುಪಿನಲ್ಲಿದ್ದುದರಿಂದ ಗಂಡಸರಿಗೆ ಪ್ರವೇಶವಿರಲಿಲ್ಲ. ಆಟ ಆರಂಭಿಸಲೆಂದು ಶಿಕ್ಷಕಿ ಚೆಂಡನ್ನು ಮೇಲಕ್ಕೆ ಎಸೆದಾಗ ಆಕೆಯ ಕೈ ಮೊದಲ ವರ್ಷದ ಆಟಗಾರ್ತಿಯೊಬ್ಬಳ ಚಾಚಿದ ಕೈಗೆ ತಗುಲಿ, ಆ ಹುಡುಗಿಯ ಭುಜದ ಕೀಲು ತಪ್ಪಿತು. ಅವಳನ್ನು ಒಳಗೆ ಕರೆದೊಯ್ದು ಕೀಲು ಕೂರಿಸಿದರು, ಬೇರೊಬ್ಬಳು ಅವಳ ಸ್ಥಾನಕ್ಕೆ ಬಂದಳು, ಆಟ ಮುಂದುವರಿಯಿತು. ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಚರಿತ್ರೆ ಆರಂಭವಾದದ್ದು ಹೀಗೆ.

ಆ ಶಿಕ್ಷಕಿ ಸೆಂಡಾ ಬೆರೆನ್‌ಸನ್‌ಗೆ ಆಗಷ್ಟೇ 25 ತುಂಬಿತ್ತು. ಲಿಥುವೇನಿಯಾದ ಯಹೂದಿ ಕುಟುಂಬವೊಂದರಲ್ಲಿ 1868ರಲ್ಲಿ ಹುಟ್ಟಿದ ಆಕೆ ಏಳರ ಹರೆಯದಲ್ಲಿ ಬಾಸ್ಟನ್‌ಗೆ ಬಂದವರು. ತಂದೆ ಊರೂರು ಅಲೆದು ಪಾತ್ರೆ ಪಡಗ ಮಾರುತ್ತಿದ್ದರು. ಅಣ್ಣ ಬರ್ನಾರ್ಡ್ ಮುಂದೆ ಇಟಲಿಯ ನವೋದಯ ಕಾಲದ ಚಿತ್ರಕಲೆಯ ಪಾರಖಿಯಾಗಿ ಜಗದ್ವಿಖ್ಯಾತನಾದ. ತಂಗಿಗೆ ಪಿಯಾನೊ ಕಲಿಯುವ ಆಸೆಯಿತ್ತು, ಆದರೆ ದುರ್ಬಲ ಬೆನ್ನು ಅದಕ್ಕೆ ಅವಕಾಶ ಕೊಡಲಿಲ್ಲ. 1890ರಲ್ಲಿ ಬಾಸ್ಟನ್ನಿನ ವ್ಯಾಯಾಮ ಶಿಕ್ಷಣ ಶಾಲೆಗೆ ಸೇರಿದ್ದು ಆಟದ ಮೇಲಿನ ಒಲವಿನಿಂದಲ್ಲ, ಆರೋಗ್ಯ ಸುಧಾರಿಸಲೆಂದು. ಅದೂ ಒಲ್ಲದ ಮನಸ್ಸಿನಿಂದ. ಆರಂಭದಲ್ಲಿ ಕೆಲವೇ ನಿಮಿಷಗಳ ಕಸರತ್ತಿಗೂ ಬಳಲಿ ನೆಲದ ಮೇಲೆ ಮಲಗಬೇಕಾಗುತ್ತಿತ್ತು. ತಿಂಗಳುಗಳು ಕಳೆದಂತೆ ದೇಹ ಗಟ್ಟಿಯಾಯಿತು. ಶರೀರವನ್ನು ಶಿಕ್ಷಣದಿಂದ ಕಟ್ಟಬಹುದೆಂಬ ನಂಬಿಕೆ ಆಕೆಗೆ ಪುಸ್ತಕದಿಂದ ಬಂದದ್ದಲ್ಲ.

1892ರ ಜನವರಿಯಲ್ಲಿ ಸ್ಮಿತ್ ಕಾಲೇಜಿಗೆ ಬಂದಾಗ ಆಕೆಗೆ ಎದುರಾದ ಸಮಸ್ಯೆ ವ್ಯಾಯಾಮ ಪಾಠ ಮಾಡಿದವರಿಗೆಲ್ಲ ಪರಿಚಿತವಾದದ್ದೇ: ಸಾಲಾಗಿ ನಿಂತು ಕೈಕಾಲು ಆಡಿಸುವ ಕವಾಯತಿನಲ್ಲಿ ಹುಡುಗಿಯರಿಗೆ ಆಸಕ್ತಿಯಿರಲಿಲ್ಲ. ಸುಮಾರು 20 ಮೈಲಿ ದೂರದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರ್‌ನಲ್ಲಷ್ಟೇ ತನ್ನ ವಿದ್ಯಾರ್ಥಿಗಳಿಗಾಗಿ ಬುಟ್ಟಿಗೆ ಚೆಂಡೆಸೆಯುವ ಆಟವನ್ನು ರೂಪಿಸಿದ್ದರು. ಅದರ ಬಗ್ಗೆ ಓದಿದ ಸೆಂಡಾ ತನ್ನ ತರಗತಿಯಲ್ಲಿ ಪ್ರಯೋಗಿಸಿದರು. ಹುಡುಗಿಯರ ಉತ್ಸಾಹ ಕಂಡು ಸಂತೋಷವೂ ಆಯಿತು, ತುಸು ಭಯವೂ ಆಯಿತು.

ಆ ಭಯದ ಹಿಂದೆ ಒಂದು ಕಾಲವೇ ನಿಂತಿತ್ತು. ಉನ್ನತ ಶಿಕ್ಷಣವೇ ಹೆಣ್ಣಿನ ಆರೋಗ್ಯ ಕೆಡಿಸುತ್ತದೆಂದು ವೈದ್ಯರೂ ವಾದಿಸುತ್ತಿದ್ದ ದಿನಗಳವು. ಅಂಥಲ್ಲಿ ಹುಡುಗಿಯರು ಚೆಂಡಿಗಾಗಿ ಎಳೆದಾಡಿ ಬಿದ್ದರೆ ಆಟವೇ ನಿಂತುಹೋಗುತ್ತಿತ್ತು. ಸೆಂಡಾ ನಿಯಮಗಳನ್ನು ತಿದ್ದಿದರು. ಅಂಕಣವನ್ನು ಮೂರು ಭಾಗ ಮಾಡಿ, ಆಟಗಾರ್ತಿ ತನ್ನ ಭಾಗವನ್ನು ದಾಟಕೂಡದೆಂದರು. ಎದುರಾಳಿಯ ಕೈಯಿಂದ ಚೆಂಡು ಕಸಿಯುವಂತಿಲ್ಲ. ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದಿರುವಂತಿಲ್ಲ. ಮೂರಕ್ಕಿಂತ ಹೆಚ್ಚು ಬಾರಿ ಪುಟಿಸುವಂತಿಲ್ಲ. 1899ರಲ್ಲಿ ರಚನೆಯಾದ ಸಮಿತಿಯ ಮೂಲಕ ಈ ನಿಯಮಗಳು ಅಧಿಕೃತಗೊಂಡು, 1901ರಲ್ಲಿ ಆಕೆಯ ಸಂಪಾದಕತ್ವದಲ್ಲಿ ಪುಸ್ತಕವಾಗಿ ಹೊರಬಂದವು.

ಇಂದಿನ ಕಣ್ಣಿಗೆ ಇವು ಸಂಕೋಲೆಗಳಾಗಿ ಕಂಡರೆ ಅಚ್ಚರಿಯಿಲ್ಲ. ಆದರೆ ಆಕೆಯ ತರ್ಕವನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಹೆಣ್ಣಿಗೆ ಹೊಸ ಹೊಸ ಉದ್ಯೋಗಗಳು ತೆರೆದುಕೊಳ್ಳುತ್ತಿವೆ, ಆಕೆ ಬೇಗ ಕಾಯಿಲೆ ಬೀಳುತ್ತಾಳೆಂಬ ನೆಪದಲ್ಲಿ ಅವಳಿಗೆ ಕಡಿಮೆ ಸಂಬಳ ಕೊಡಲಾಗುತ್ತಿದೆ, ಆದ್ದರಿಂದ ದೇಹಬಲವೂ ತಾಳಿಕೆಯೂ ಅವಳಿಗೆ ಅತ್ಯಗತ್ಯ ಎಂಬುದು ಸೆಂಡಾ ಅವರ ವಾದವಾಗಿತ್ತು. ಒಬ್ಬಳೇ ಮಿಂಚುವುದಕ್ಕಿಂತ ಕೂಡಿ ಆಡುವುದನ್ನು ಆಕೆ ಕಲಿಸಬಯಸಿದರು. ಗೆಲುವಿನ ಹುಚ್ಚು ಪುರುಷರ ಆಟಗಳನ್ನು ಕೆಡಿಸಿದ್ದನ್ನು ಕಂಡಿದ್ದರಿಂದಲೇ ಅಂತರಕಾಲೇಜು ಪಂದ್ಯಗಳನ್ನು ವಿರೋಧಿಸಿದರು. ಇಲ್ಲಿ ಮಾತ್ರ ಕಾಲ ಆಕೆಯ ಮಾತು ಕೇಳಲಿಲ್ಲ. 1896ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಸ್ಟ್ಯಾನ್‌ಫರ್ಡ್ ತಂಡ ಬರ್ಕ್ಲಿ ತಂಡವನ್ನು 2-1ರಿಂದ ಸೋಲಿಸಿತ್ತು.

1911ರಲ್ಲಿ ಅದೇ ಕಾಲೇಜಿನ ಇಂಗ್ಲಿಷ್ ಪ್ರಾಧ್ಯಾಪಕ ಹರ್ಬರ್ಟ್ ವಾನ್ ಅಬಟ್ ಅವರನ್ನು ಮದುವೆಯಾಗಿ ಸ್ಮಿತ್ ತೊರೆದರು. ಬಳಿಕ ಅದೇ ಪಟ್ಟಣದ ಬಾಲಕಿಯರ ಶಾಲೆಯೊಂದರಲ್ಲಿ 1921ರವರೆಗೆ ದೈಹಿಕ ಶಿಕ್ಷಣದ ಹೊಣೆ ಹೊತ್ತರು. ಕೊನೆಯ ವರ್ಷಗಳನ್ನು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಕಳೆದು 1954ರಲ್ಲಿ ತೀರಿಕೊಂಡರು.

ಕಾವಲಿಗೆಂದು ಹಾಕಿದ ಬೇಲಿಯನ್ನು, ಕಾವಲಿನ ಅಗತ್ಯ ತೀರಿದ ಮೇಲೂ ಕೀಳದೆ ಬಿಟ್ಟದ್ದು ಆಕೆಯ ನಂತರದವರ ತಪ್ಪು ಎಂದೇ ನನಗೆ ತೋರುತ್ತದೆ. ಮೂರು ಭಾಗ ಎರಡಾಯಿತು, ತಂಡಕ್ಕೆ ಆರು ಮಂದಿಯಾದರು. ಆದರೂ ಮಹಿಳೆಯರು ಇಡೀ ಅಂಕಣದಲ್ಲಿ ಐವರ ಆಟವಾಡಲು ಅಧಿಕೃತ ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ. ಒಲಿಂಪಿಕ್ಸ್‌ಗೆ ಮಹಿಳಾ ಬ್ಯಾಸ್ಕೆಟ್‌ಬಾಲ್ ಕಾಲಿಟ್ಟದ್ದು 1976ರಲ್ಲಿ. ಸೆಂಡಾ 1985ರಲ್ಲಿ ನೈಸ್ಮಿತ್ ಹೆಸರಿನ ಕೀರ್ತಿಭವನಕ್ಕೆ ಸೇರ್ಪಡೆಯಾದಾಗಲೂ ಅಯೋವಾ, ಒಕ್ಲಹೋಮಾ ರಾಜ್ಯಗಳ ಶಾಲಾ ಬಾಲಕಿಯರು ಅರ್ಧ ಅಂಕಣದ ಗೆರೆ ದಾಟದೆ ಆಡುತ್ತಿದ್ದರು. ಒಕ್ಲಹೋಮಾದಲ್ಲಿ ಆ ಗೆರೆ ಅಳಿಸಿದ್ದು 1995ರಲ್ಲಿ.