ತಿರುಮಲೈ ಕೃಷ್ಣಮಾಚಾರ್ಯ: ಯೋಗ, ಸಂಪ್ರದಾಯ ಮತ್ತು ಅಧಿಕಾರದ ಪ್ರಶ್ನೆ

ಇಪ್ಪತ್ತನೆಯ ಶತಮಾನದಲ್ಲಿ ಜಗತ್ತಿನಾದ್ಯಂತ ಹರಡಿದ ಯೋಗಾಭ್ಯಾಸದ ಬಹುಪಾಲು ಧಾರೆಗಳು ಮೈಸೂರಿನ ಒಬ್ಬ ಶ್ರೀವೈಷ್ಣವ ಪಂಡಿತನಲ್ಲಿ ಬಂದು ಸೇರುತ್ತವೆ. ಬಿ.ಕೆ.ಎಸ್. ಅಯ್ಯಂಗಾರ್, ಕೆ. ಪಟ್ಟಾಭಿ ಜೋಯಿಸ್, ಇಂದ್ರಾದೇವಿ, ಟಿ.ಕೆ.ವಿ. ದೇಶಿಕಾಚಾರ್ ಈ ನಾಲ್ವರೂ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯರು. ಯೋಗವು ಹಿಂದೂ ಧರ್ಮದ ಅಂಗವೇ ಅಥವಾ ಧರ್ಮನಿರಪೇಕ್ಷವಾದ ಸಾಧನೆಯೇ ಎಂಬ ವಾಗ್ವಾದದಲ್ಲಿ ಈ ಶಿಷ್ಯರ ಹೆಸರುಗಳು ಪದೇಪದೇ ಬರುತ್ತವೆ; ಗುರುವಿನ ಬದುಕನ್ನು ಆ ದೃಷ್ಟಿಯಿಂದ ಪರಿಶೀಲಿಸಿದ್ದು ಕಡಿಮೆ. ಪರಿಶೀಲಿಸಿದರೆ, ಪ್ರಶ್ನೆಯ ರೂಪವೇ ಬದಲಾಗುತ್ತದೆ.

ಕೃಷ್ಣಮಾಚಾರ್ಯರು 1888ರ ನವೆಂಬರ್ 18ರಂದು ಇಂದಿನ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಜನಿಸಿದರು. ತಂದೆ ಶ್ರೀನಿವಾಸ ತಾತಾಚಾರ್ಯರು, ತಾಯಿ ರಂಗನಾಯಕಮ್ಮ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಬಳಿಕ ಕುಟುಂಬವು ಮೈಸೂರಿಗೆ ಬಂದು ನೆಲೆಸಿತು. ಅಲ್ಲಿ ಪರಕಾಲ ಮಠದ ಆಶ್ರಯದಲ್ಲಿ ಅವರ ಶಾಸ್ತ್ರಾಧ್ಯಯನ ಮುಂದುವರಿಯಿತು. ಈ ಮಠವು ಮೈಸೂರು ಅರಸರ ಗುರುಪೀಠ, ವೇದಾಂತದೇಶಿಕರ ಪರಂಪರೆಗೆ ಸೇರಿದ ವಡಗಲೈ ಕೇಂದ್ರ ಎಂಬ ಸಂಗತಿಯನ್ನು ಇಲ್ಲಿ ಮರೆಯುವಂತಿಲ್ಲ. ಮುಂದೆ ಕಾಶಿಗೆ ಹೋಗಿ ವ್ಯಾಕರಣ ಮತ್ತು ದರ್ಶನಗಳನ್ನು ಅಭ್ಯಾಸ ಮಾಡಿದರು. ಹೀಗೆ ರೂಪುಗೊಂಡದ್ದು ಮೊದಲು ಒಬ್ಬ ಶಾಸ್ತ್ರಪಂಡಿತ. ಯೋಗಾಚಾರ್ಯನೆಂಬ ಹೆಸರು ಬಂದದ್ದು ಆಮೇಲೆ.

ಶಾಸ್ತ್ರಪಂಡಿತನಿಗೆ ಯೋಗವು ಸರಳವಾದ ವಿಷಯವಾಗಿರಲಿಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಆರಂಭದಲ್ಲಿ ಸಾಂಖ್ಯವನ್ನು ನಿರಾಕರಿಸಿದ ಕೂಡಲೇ ಯೋಗಸ್ಮೃತಿಯನ್ನೂ ನಿರಾಕರಿಸಲಾಗಿದೆ. ಶಂಕರರಂತೆ ರಾಮಾನುಜರೂ ಆ ಅಧಿಕರಣವನ್ನು ಒಪ್ಪಿಯೇ ಭಾಷ್ಯ ಬರೆದರು. ಪತಂಜಲಿಯ ಈಶ್ವರನು ಹೆಸರಿಲ್ಲದ ಪುರುಷವಿಶೇಷ, ಜಗತ್ಕಾರಣನಾದ ನಾರಾಯಣನಲ್ಲ. ಇದರ ಮೇಲೆ, ಶ್ರೀವೈಷ್ಣವದಲ್ಲಿ ಪ್ರಪತ್ತಿಯೇ ಸುಲಭೋಪಾಯವೆಂದು ನೆಲೆಗೊಂಡ ಬಳಿಕ ದೀರ್ಘವಾದ ಅಷ್ಟಾಂಗಸಾಧನೆಗೆ ಉಳಿದ ಸ್ಥಾನ ಅಲ್ಪ. ಯೋಗವೆಂದರೆ ಹಿಂದೂಧರ್ಮವೇ ಎಂದು ಸಲೀಸಾಗಿ ಹೇಳುವವರು ಈ ಖಂಡನದ ಇತಿಹಾಸವನ್ನು ಸಾಮಾನ್ಯವಾಗಿ ಗಣಿಸುವುದಿಲ್ಲ. ಜೈನ ಆಚಾರ್ಯ ಹೇಮಚಂದ್ರನು ಹನ್ನೆರಡನೆಯ ಶತಮಾನದಲ್ಲಿ ಯೋಗಶಾಸ್ತ್ರವೆಂಬ ಗ್ರಂಥವನ್ನೇ ರಚಿಸಿದ್ದನೆಂಬುದೂ ಅಷ್ಟೇ ಮರೆತ ವಿಷಯ.

ಈ ಹಿನ್ನೆಲೆಯಲ್ಲಿಯೇ ಕೃಷ್ಣಮಾಚಾರ್ಯರ ಹದಿನಾರನೆಯ ವಯಸ್ಸಿನ ಅನುಭವವನ್ನು ಓದಬೇಕಾಗುತ್ತದೆ. ನಮ್ಮಾಳ್ವಾರರ ಕ್ಷೇತ್ರವಾದ ಆಳ್ವಾರ್ ತಿರುನಗರಿಗೆ ಯಾತ್ರೆ ಹೋದಾಗ ತಮಗೆ ನಾಥಮುನಿಗಳ ದರ್ಶನವಾಗಿ, ಅವರಿಂದ ಯೋಗರಹಸ್ಯವೆಂಬ ಗ್ರಂಥದ ಉಪದೇಶವಾಯಿತೆಂದು ಅವರು ನಂಬಿದ್ದರು. ನಾಥಮುನಿಗಳನ್ನು ಅವರ ಮನೆತನವು ಪೂರ್ವಜರೆಂದು ಭಾವಿಸುತ್ತಿತ್ತು. ಗುರುಪರಂಪರೆಯ ಕಥನಗಳ ಪ್ರಕಾರ ನಾಥಮುನಿಗಳ ಯೋಗವಿದ್ಯೆಯು ಅವರ ಶಿಷ್ಯ ಕುರುಗೈ ಕಾವಲಪ್ಪನ್ ಎಂಬವರಲ್ಲಿ ಉಳಿದಿತ್ತು. ಅದನ್ನು ಪಡೆಯಬೇಕಾಗಿದ್ದ ಯಾಮುನರು ನಿಗದಿಯಾದ ದಿನವನ್ನು ತಪ್ಪಿಸಿಕೊಂಡರು. ವಿದ್ಯೆಯು ಗುರುವಿನೊಂದಿಗೆ ಲುಪ್ತವಾಯಿತು. ಅಂದರೆ ಸಂಪ್ರದಾಯವೇ ತನ್ನೊಳಗಿನ ಒಂದು ನಷ್ಟವನ್ನು ಒಪ್ಪಿಕೊಂಡಿದೆ. ಕೃಷ್ಣಮಾಚಾರ್ಯರ ದರ್ಶನವು ಸರಿಯಾಗಿ ಆ ನಷ್ಟದ ಜಾಗವನ್ನೇ ತುಂಬುತ್ತದೆ. ಆ ಗ್ರಂಥದಲ್ಲಿ ಗರ್ಭಿಣಿಯರ ಆರೋಗ್ಯ, ಸ್ತ್ರೀಯರ ಯೋಗಾಧಿಕಾರ, ವಯೋಮಾನಕ್ಕೆ ತಕ್ಕ ಅಭ್ಯಾಸ ಮೊದಲಾದ ವಿಷಯಗಳಿರುವುದರಿಂದ ಅದು ಅವರದೇ ಕೃತಿಯೆಂದು ಇತ್ತೀಚಿನ ವಿದ್ವಾಂಸರು ಭಾವಿಸುತ್ತಾರೆ. ಕರ್ತೃತ್ವದ ನಿರ್ಣಯ ಹೇಗೇ ಇರಲಿ, ದರ್ಶನಶಾಸ್ತ್ರದಲ್ಲಿ ಹೊರಗುಳಿದಿದ್ದ ವಿದ್ಯೆಯೊಂದನ್ನು ಪೂರ್ವಾಚಾರ್ಯರ ಮುಖಾಂತರ ಒಳಗೆ ತಂದ ಕ್ರಮವು ಗಮನಾರ್ಹವಾದುದು.

ಹಿಮಾಲಯದ ಮಾನಸಸರೋವರದ ಬಳಿ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನಲ್ಲಿ ಸುಮಾರು ಏಳು ವರ್ಷ ಯೋಗಾಭ್ಯಾಸ ಮಾಡಿದರೆಂಬುದು ಅವರ ಚರಿತ್ರೆಯ ಇನ್ನೊಂದು ಘಟ್ಟ. ಅವರ ವಿದ್ಯಾಭ್ಯಾಸದ ಇಸವಿಗಳೊಂದಿಗೆ ಈ ಏಳು ವರ್ಷಗಳನ್ನು ಹೊಂದಿಸುವುದು ಕಷ್ಟ. ಗುರುವು ಗೃಹಸ್ಥನಾಗಿದ್ದನೆಂದೂ, ಗೃಹಸ್ಥನಾಗಿ ಯೋಗವನ್ನು ಕಲಿಸುವುದನ್ನೇ ದಕ್ಷಿಣೆಯಾಗಿ ಕೇಳಿದನೆಂದೂ ಪ್ರತೀತಿ. ಅದರಂತೆ 1925ರಲ್ಲಿ ನಾಮಗಿರಿಯಮ್ಮನವರನ್ನು ವಿವಾಹವಾದ ಕೃಷ್ಣಮಾಚಾರ್ಯರು ಕೆಲಕಾಲ ಹಾಸನ ಸೀಮೆಯ ಕಾಫಿ ತೋಟದಲ್ಲಿ ದುಡಿದರು. ಪಟ್ಟಾಭಿ ಜೋಯಿಸರು ಬಾಲಕರಾಗಿ ಅವರನ್ನು ಕಂಡದ್ದು 1927ರಲ್ಲಿ, ಹಾಸನದಲ್ಲಿಯೇ. ಪರಕಾಲ ಮಠದ ಪೀಠವನ್ನು ಸ್ವೀಕರಿಸುವಂತೆ ಬಂದ ಕರೆಯನ್ನು ಅವರು ನಿರಾಕರಿಸಿದ್ದಕ್ಕೂ ಈ ಗೃಹಸ್ಥಧರ್ಮವೇ ಕಾರಣವೆನ್ನಲಾಗಿದೆ.

ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಪೋಷಣೆ ದೊರೆತ ಮೇಲೆ ಅವರ ಬದುಕು ಬೇರೆ ತಿರುವು ಪಡೆಯಿತು. 1930ರ ದಶಕದ ಆರಂಭದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಅಧ್ಯಾಪನ, 1933ರಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ. ಇಲ್ಲಿ ಕಲಿತವರಲ್ಲಿ ಅರಸು ಮನೆತನಗಳ ಹುಡುಗರು ಹೆಚ್ಚು. ಹುಡುಗರಿಗೆ ಬೇಕಾದದ್ದು ಸಮಾಧಿಯಲ್ಲ, ದೇಹದಾರ್ಢ್ಯ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಆ ಪರಂಪರೆಯೂ ಗರಡಿಮನೆಯ ಕಸರತ್ತೂ ಅರಮನೆಯ ವ್ಯಾಯಾಮಶಾಲೆಯೂ ಕೃಷ್ಣಮಾಚಾರ್ಯರ ಬೋಧನೆಯನ್ನು ರೂಪಿಸಿದುವೆಂದು ಎನ್.ಇ. ಶೋಮನ್ 1996ರಲ್ಲಿ ವಾದಿಸಿದರು. ಮಾರ್ಕ್ ಸಿಂಗಲ್ಟನ್ 2010ರಲ್ಲಿ ಐರೋಪ್ಯ ವ್ಯಾಯಾಮಪದ್ಧತಿಗಳ ಪ್ರಭಾವವನ್ನೂ ಇದಕ್ಕೆ ಸೇರಿಸಿದರು. ಹಠಾಭ್ಯಾಸಪದ್ಧತಿ ಎಂಬ ಹಳೆಯ ಸಂಸ್ಕೃತ ಗ್ರಂಥವು ಬೆಳಕಿಗೆ ಬಂದ ನಂತರ, ಚಲನಶೀಲವಾದ ಆಸನಕ್ರಮವು ಪೂರ್ತಿ ಆಧುನಿಕವೆಂಬ ಮಾತು ತುಸು ಸಡಿಲಗೊಂಡಿದೆ.

ಕನ್ನಡ ಅಧ್ಯಯನದ ದೃಷ್ಟಿಯಿಂದ ಮುಖ್ಯವಾದುದು, ಅವರ ಯೋಗಮಕರಂದ ಮೊದಲು ಪ್ರಕಟವಾದದ್ದು ಕನ್ನಡದಲ್ಲಿ, 1934ರಲ್ಲಿ. 1941ರ ಯೋಗಾಸನಗಳು ಕೃತಿಯೂ ಕನ್ನಡದ್ದೇ. ಅದರಲ್ಲಿ ಆಸನಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಿದ ಪಟ್ಟಿಯಿದೆ. ಮುಂದೆ ಜಗತ್ಪ್ರಸಿದ್ಧವಾದ ಅಭ್ಯಾಸಕ್ರಮದ ಆರಂಭದ ಪಠ್ಯಗಳು ಕನ್ನಡದಲ್ಲಿದ್ದರೂ ನಮ್ಮ ಶಾಸ್ತ್ರಸಾಹಿತ್ಯ ಚರಿತ್ರೆಗಳಲ್ಲಿ ಅವುಗಳಿಗೆ ದೊರೆತ ಜಾಗ ಅತ್ಯಲ್ಪ. ಸಂಸ್ಕೃತದಲ್ಲಿ ಬರೆಯಬಲ್ಲ ಪಂಡಿತನು ಕನ್ನಡವನ್ನು ಆರಿಸಿಕೊಂಡದ್ದೇ ಅಧಿಕಾರದ ಪ್ರಶ್ನೆಗೆ ನೀಡಿದ ಒಂದು ಉತ್ತರವಾಗಿದೆ.

ಆಚರಣೆಯಲ್ಲಿ ಈ ಉತ್ತರ ನಿಧಾನವಾಗಿ ಬಂದಿತು. ಇಂದ್ರಾದೇವಿಯವರು 1937ರ ಸುಮಾರಿಗೆ ಬಂದಾಗ ಪರದೇಶದ ಸ್ತ್ರೀಗೆ ಕಲಿಸಲು ಅವರು ಹಿಂಜರಿದರು. ಒಪ್ಪಿದ್ದು ಮಹಾರಾಜರ ಒತ್ತಾಯಕ್ಕೆ. ಒಪ್ಪಿದ ಮೇಲೆ ಮಾತ್ರ, ಇತರರಿಗೂ ಕಲಿಸುವಂತೆ ಆಕೆಯನ್ನು ಅವರೇ ಪ್ರೇರೇಪಿಸಿದರು. ಊರ್ಧ್ವಪುಂಡ್ರವನ್ನೂ ನಿತ್ಯಾರಾಧನೆಯನ್ನೂ ಕೊನೆಯವರೆಗೆ ಬಿಡದ ಅವರು ಶಿಷ್ಯರಿಗೆ ತಮ್ಮ ದೈವವನ್ನು ವಿಧಿಸಲಿಲ್ಲ. ಅವರವರ ಇಷ್ಟದೈವದಲ್ಲಿ ಮನಸ್ಸಿಡಲು ಬಿಟ್ಟರು. ತಮ್ಮ ಮಟ್ಟಿಗೆ ಈಶ್ವರಪ್ರಣಿಧಾನವು ನಾರಾಯಣನಲ್ಲಿ ಶರಣಾಗತಿಯೇ ಆಗಿತ್ತು. ಪತಂಜಲಿ ಹೆಸರಿಡದೆ ಬಿಟ್ಟ ಈಶ್ವರನೇ ಈ ಎರಡಕ್ಕೂ ಅವಕಾಶ ನೀಡಿದನು. ವೇದಾಂತಿಗಳು ದೋಷವೆಂದು ಕಂಡದ್ದು ಬೋಧಕನಿಗೆ ಅನುಕೂಲವಾಯಿತು.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯಾನಂತರ ರಾಜಾಶ್ರಯ ಕುಗ್ಗಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ ಕೃಷ್ಣಮಾಚಾರ್ಯರು 1950ರ ದಶಕದ ಆರಂಭದಲ್ಲಿ ಮದರಾಸಿಗೆ ತೆರಳಿ ಚಿಕಿತ್ಸಾರೂಪದ ಯೋಗದತ್ತ ಹೊರಳಿದರು. ಅಲ್ಲಿ ಒಬ್ಬೊಬ್ಬರಿಗೂ ದೇಹಸ್ಥಿತಿಗೆ ತಕ್ಕಂತೆ ಪ್ರತ್ಯೇಕವಾಗಿ ಕಲಿಸಿದರು. ಮೈಸೂರಿನ ಸಾಮೂಹಿಕ ಕಸರತ್ತಿಗೂ ಇದಕ್ಕೂ ಬಹಳ ಅಂತರ. ವೃದ್ಧಾಪ್ಯದಲ್ಲಿ ಸ್ತ್ರೀಯರಿಗೆ ವೇದಪಾಠವನ್ನೂ ಹೇಳಿಕೊಟ್ಟರು. 1976ರಲ್ಲಿ ದೇಶಿಕಾಚಾರರು ತಂದೆಯ ಹೆಸರಿನಲ್ಲಿ ಯೋಗಮಂದಿರವನ್ನು ಸ್ಥಾಪಿಸಿದರು. 1989ರ ಫೆಬ್ರವರಿ 28ರಂದು ನೂರು ತುಂಬಿದ್ದ ಕೃಷ್ಣಮಾಚಾರ್ಯರು ಮದರಾಸಿನಲ್ಲಿ ನಿಧನರಾದರು. ಆಳ್ವಾರ್ ತಿರುನಗರಿಯಲ್ಲಿ ಕೇಳಿದೆನೆಂದು ಅವರು ಹೇಳುತ್ತಿದ್ದ ಯೋಗರಹಸ್ಯವು ಪುಸ್ತಕವಾಗಿ ಹೊರಬಂದದ್ದು ಅವರ ಮರಣಾನಂತರವೇ.