ಮಾರ್ಮಡ್ಯೂಕ್ ಪಿಕ್ತಾಲ್

ಕುರಾನಿನ ಇಂಗ್ಲಿಷ್ ಅನುವಾದದ ಮೂಲಕ ಪಿಕ್ತಾಲನನ್ನು ಬಲ್ಲವರು ಅನೇಕರು. ಆ ಗ್ರಂಥಕ್ಕಿಂತಲೂ ಅವನು ಅದರ ಬಳಿಗೆ ಬಂದ ಹಾದಿಯೇ ನನ್ನನ್ನು ಹೆಚ್ಚಾಗಿ ಸೆಳೆದಿದೆ.

1875ರಲ್ಲಿ ಆಂಗ್ಲ ಪಾದ್ರಿಯೊಬ್ಬನ ಮಗನಾಗಿ ಜನಿಸಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡವನು ಈತ. ಇಪ್ಪತ್ತು ತುಂಬುವ ಮೊದಲೇ ಪ್ಯಾಲೆಸ್ಟೈನ್, ಸಿರಿಯಾಗಳಲ್ಲಿ ಅರಬರೊಡನೆ ಬೆರೆತು ಅಲೆದನು. ಅವರ ಭಾಷೆ ಕಲಿತನು. ಬಡತನದಲ್ಲಿಯೂ ಕುಂದದ ಅವರ ನೆಮ್ಮದಿ ಅವನಿಗೆ ಸೋಜಿಗ ತಂದಿತು. ಡಮಾಸ್ಕಸಿನ ಮಹಾಮಸೀದಿಯ ವೃದ್ಧ ಗುರುವಿಗೆ ಮುಸ್ಲಿಮನಾಗುವ ತನ್ನ ಇಚ್ಛೆಯನ್ನು ಅರುಹಿದಾಗ ಆ ಹಿರಿಯರು ಹಿಗ್ಗಲಿಲ್ಲ. ದೂರದಲ್ಲಿರುವ ತಾಯಿಯನ್ನು ಕೇಳದೆ ಹೆಜ್ಜೆಯಿಡಬೇಡವೆಂದು ತಿಳಿಯಹೇಳಿದರು. ಹೀಗೆ ಶಿಷ್ಯನನ್ನು ಹಿಂದಕ್ಕೆ ಕಳುಹಬಲ್ಲ ಗುರುಗಳು ಯಾವ ಮತದಲ್ಲಿಯೂ ವಿರಳವೇ ಸರಿ! ಆ ಯುವಕನ ಎದೆಯಲ್ಲಿ ನಾಟಿದ್ದು ಅದೇ ಎಂದು ನನ್ನ ಭಾವನೆ.

ಮುಂದೆ ಬಹುಕಾಲ ಕಾದಂಬರಿಗಳ ರಚನೆಯಲ್ಲಿ ಕಳೆಯಿತು. 1912ರ ಬಾಲ್ಕನ್ ಯುದ್ಧ ಅವನನ್ನು ಕಲಕಿತು. ತುರ್ಕರ ಸೋಲನ್ನು ಶಿಲುಬೆಯ ಗೆಲುವೆಂದು ಸ್ವದೇಶದವರು ಸಂಭ್ರಮಿಸಿದ್ದು, ಮುಸ್ಲಿಮ್ ಪ್ರಜೆಗಳ ಹತ್ಯೆಗೆ ಮರುಗದಿದ್ದುದು ಅವನಿಂದ ಸಹಿಸಲಾಗಲಿಲ್ಲ. 1917ರಲ್ಲಿ, ಇಂಗ್ಲೆಂಡು ತುರ್ಕಿಯೊಡನೆ ಕಾದಾಡುತ್ತಿರುವಾಗಲೇ, ಲಂಡನ್ನಿನ ಸಭೆಯೊಂದರಲ್ಲಿ ತಾನು ಮುಸ್ಲಿಮನೆಂದು ಸಾರಿದನು. ಲಾಭದ ಲೆಕ್ಕ ಅದರಲ್ಲಿ ಎಲ್ಲಿಂದ ಬರಬೇಕು?

1920ರಲ್ಲಿ ಮುಂಬಯಿಗೆ ಬಂದು ಪತ್ರಿಕೆಯ ಸಂಪಾದಕನಾದನು. ಬಳಿಕ ನಮ್ಮ ಬೀದರ, ಕಲಬುರ್ಗಿ, ರಾಯಚೂರುಗಳೂ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಶಾಲೆಯ ಮುಖ್ಯೋಪಾಧ್ಯಾಯ. ನಿಜಾಮನು ಸಂಬಳಸಹಿತ ರಜೆ ಕೊಡಲು ಅನುವಾದ ಮುಗಿದು 1930ರಲ್ಲಿ ಪ್ರಕಟವಾಯಿತು. ಅದನ್ನು ಕುರಾನ್ ಎನ್ನದೆ, ಕುರಾನಿನ ಅರ್ಥವೆಂದಷ್ಟೇ ಅವನು ಕರೆದನು. 1936ರಲ್ಲಿ ತೀರಿಕೊಂಡನು, ಗೋರಿ ಇಂಗ್ಲೆಂಡಿನ ಬ್ರೂಕ್‌ವುಡ್ಡಿನಲ್ಲಿದೆ.