ವೈರಿಯ ಮಕ್ಕಳಿಗೂ ಬಾಗಿಲು ತೆರೆದ ಪಂಡಿತಾ ರಮಾಬಾಯಿ

ಗದಗ-ಬೆಟಗೇರಿಯವರು ಇದ್ದೀರಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಮುಂಜಾನೆ ಬಸ್ ಹಿಡಿದು ಬಂದವರೂ ಇದ್ದೀರಿ. ದೇವರಿಗೆ ಸ್ತೋತ್ರ!

ಇವತ್ತಿನ ವಾಕ್ಯಭಾಗ ಮತ್ತಾಯ 5:44. ವೈರಿಗಳನ್ನು ಪ್ರೀತಿಸಬೇಕು, ಹಿಂಸೆಪಡಿಸುವವರಿಗಾಗಿ ಪ್ರಾರ್ಥಿಸಬೇಕು. ಸಂಡೇ ಸ್ಕೂಲಿನಿಂದಲೇ ನಮಗೆ ಬಾಯಿಪಾಠ. ಆದರೆ ವೈರಿ ನಮ್ಮ ಓಣಿಯೊಳಗೇ ಇದ್ದರೆ ಏನ್ ಮಾಡೋದು?

ಮೊದಲು ನನ್ನ ಸಾಕ್ಷಿ ಹೇಳ್ತೀನಿ. ಸೇವೆಯ ಆರಂಭದ ದಿನಗಳಲ್ಲಿ ಬಾಡಿಗೆ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಸ್ತಿದ್ದೆ. ಪಕ್ಕದ ಮನೆಯವರೊಬ್ಬರು ಮಾಲೀಕರಿಗೆ ದೂರು ಹೇಳಿದರು, ಕೂಟ ನಿಂತುಹೋಯಿತು. ಅವತ್ತಿನಿಂದ ಅವರು ಎದುರಿಗೆ ಬಂದರೆ ನಾನು ರಸ್ತೆ ದಾಟಿ ಆಚೆ ಕಡೆ ಹೋಗ್ತಿದ್ದೆ. ಭಾನುವಾರ ಪ್ರೀತಿಯ ಪ್ರಸಂಗ, ಸೋಮವಾರ ಒಂದು ನಮಸ್ಕಾರನೂ ಇಲ್ಲ. ಆ ದಿನಗಳಲ್ಲೇ ಪಂಡಿತಾ ರಮಾಬಾಯಿಯವರ ಜೀವನ ಓದಿದೆ. ದೇವರು ಅದರ ಮೂಲಕ ನನ್ನ ಹೃದಯದ ಸಂಗಡ ಮಾತಾಡಿದರು.

ರಮಾಬಾಯಿ ನಮ್ಮ ನಾಡಿನ ಮಗಳು. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ದೊಡ್ಡ ಪಂಡಿತರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೇ ಜನರ ವಿರೋಧ ಎದುರಿಸಿದವರು. ಕುಟುಂಬ ಊರೂರು ತಿರುಗಿ ಪುರಾಣ ಹೇಳಿ ಬದುಕುತ್ತಿತ್ತು. 1870ರ ದಶಕದ ಬರಗಾಲ ಬಂತು ನೋಡ್ರಿ, ಅಪ್ಪ, ಅವ್ವ, ಅಕ್ಕ ಮೂವರೂ ತೀರಿಕೊಂಡರು. ಅವ್ವನ ಹೆಣಕ್ಕೆ ಹೆಗಲು ಕೊಡಲು ಸಿಕ್ಕವರು ಇಬ್ಬರೇ. ಮೂರನೆಯವರು ಅಣ್ಣ, ನಾಲ್ಕನೆಯವರು ರಮಾಬಾಯಿ. ಅವರು ಗಿಡ್ಡ ಇದ್ದರು, ಹೆಗಲು ಎಟುಕಲಿಲ್ಲ. ಹೀಗಾಗಿ ಚಟ್ಟದ ಆ ತುದಿಯನ್ನು ತಲೆಯ ಮೇಲೆ ಹೊತ್ತು ಸುಡುಗಾಡಿನವರೆಗೆ ನಡೆದರು.

ಯೋಚನೆ ಮಾಡ್ರಿ. ಆ ಹುಡುಗಿಯ ಮನಸ್ಸಿನಲ್ಲಿ ಸಮಾಜದ ಮೇಲೆ ದ್ವೇಷ ಬೆಳೆಯೋದಕ್ಕೆ ಇಷ್ಟು ಸಾಕಿತ್ತು. ಮುಂದೆ 1878ರಲ್ಲಿ ಕಲ್ಕತ್ತಾದ ವಿದ್ವಾಂಸರು ಪಂಡಿತಾ ಎಂದು ಗೌರವಿಸಿದರು. ಅಣ್ಣನೂ ತೀರಿದ. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡ ಕಾಲರಾಕ್ಕೆ ಬಲಿಯಾದರು. ಕೈಯಲ್ಲಿ ಮನೋರಮಾ ಎಂಬ ಎಳೇ ಮಗು.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನಲ್ಲಿ, ಸಮಾಜ ಹೊರಗೆ ಹಾಕಿದ ಹೆಣ್ಣುಮಕ್ಕಳನ್ನು ಕ್ರೈಸ್ತ ಸಹೋದರಿಯರು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಹೀಗ್ಯಾಕೆ ಮಾಡ್ತೀರಿ ಅಂತ ಕೇಳಿದಾಗ ಯೋಹಾನ 4ನೇ ಅಧ್ಯಾಯ ಓದಿ ತೋರಿಸಿದರು. ಸಮಾರ್ಯದ ಸ್ತ್ರೀಯ ಕಥೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇರಲಿಲ್ಲ. ಅಂಥ ವೈರಿಗಳ ಊರಿನ ಹೆಂಗಸಿನ ಹತ್ತಿರ ಯೇಸು ನೀರು ಕೇಳಿದರು. ಆ ಕಥೆ ರಮಾಬಾಯಿಯವರ ಹೃದಯಕ್ಕೆ ನಾಟಿತು. ಅದೇ ವರ್ಷ ದೀಕ್ಷಾಸ್ನಾನ ತೆಗೆದುಕೊಂಡರು.

1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಜಾತಿಯ ಆಚಾರ ಪಾಲಿಸಲು ಅವಕಾಶ ಇತ್ತು. ಆದರೂ ಹುಡುಗಿಯರು ಇವರ ಪ್ರಾರ್ಥನೆಯಲ್ಲಿ ಕೂಡುತ್ತಾರೆ ಅಂತ 1893ರಲ್ಲಿ ದೊಡ್ಡ ಗದ್ದಲ ಎದ್ದಿತು. ಪತ್ರಿಕೆಗಳು ಟೀಕಿಸಿದವು, ಸಲಹಾ ಸಮಿತಿಯವರು ರಾಜೀನಾಮೆ ಕೊಟ್ಟರು, ಮನೆಯವರು ಬಂದು ಹಲವು ಹುಡುಗಿಯರನ್ನು ಕರೆದುಕೊಂಡು ಹೋದರು.

ಇಲ್ಲಿ ಒಂದು ಮಾತು. ವಿರೋಧಿಸಿದವರೆಲ್ಲಾ ಕೆಟ್ಟವರಾಗಿರಲಿಲ್ಲ. ಆ ಸಮಿತಿಯಲ್ಲಿದ್ದ ರಾನಡೆ, ಭಂಡಾರ್ಕರ್ ವಿಧವೆಯರ ಪರವಾಗಿಯೇ ದುಡಿದವರು. ತಮ್ಮ ಮಕ್ಕಳು ಕೈಬಿಟ್ಟು ಹೋಗುತ್ತಾರೆ ಅನ್ನೋ ಭಯ ಜನರಿಗಿತ್ತು. ನಾವು ವೈರಿ ಅನ್ನೋ ಮನುಷ್ಯ ಎಷ್ಟೋ ಸಲ ಹೆದರಿದ ಮನುಷ್ಯ ಅಷ್ಟೇ.

ರಮಾಬಾಯಿ ಬಾಗಿಲು ಮುಚ್ಚಲಿಲ್ಲ. 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಹತ್ತಿರದ ಕೇಡಗಾಂವಿನಲ್ಲಿ ಮುಕ್ತಿ ಸದನ ಬೆಳೆಯಿತು. ತಮ್ಮನ್ನು ದೂರ ತಳ್ಳಿದ ಅದೇ ಸಮಾಜದ ಮಕ್ಕಳನ್ನು ಎತ್ತಿಕೊಂಡರು. 1905ರಲ್ಲಿ ಅದೇ ಮುಕ್ತಿಯಲ್ಲಿ ಪವಿತ್ರಾತ್ಮನ ಉಜ್ಜೀವನ ಸುರಿಯಿತು, ಅಜೂಸಾ ಸ್ಟ್ರೀಟಿಗಿಂತ ಒಂದು ವರ್ಷ ಮೊದಲೇ! ಹಲ್ಲೆಲೂಯಾ! 1921ರಲ್ಲಿ ಮಗಳು ಮನೋರಮಾ ತೀರಿದರು. 1922ರ ಏಪ್ರಿಲ್ 5ರಂದು ರಮಾಬಾಯಿ ಕರ್ತನ ಬಳಿಗೆ ಹೋದರು.

ನನ್ನ ಕಥೆಗೆ ಬರ್ತೀನಿ. ಒಂದು ರಾತ್ರಿ ಎರಡು ಗಂಟೆಗೆ ಆ ಪಕ್ಕದ ಮನೆಯಲ್ಲಿ ಅಳು ಕೇಳಿಸಿತು. ಅವರ ಮಗಳಿಗೆ ಉಸಿರಾಟದ ತೊಂದರೆ, ಆಟೋ ಸಿಗ್ತಿಲ್ಲ. ನನ್ನ ಹತ್ತಿರ ಬೈಕ್ ಇತ್ತು. ನಿಜ ಹೇಳ್ತೀನಿ, ಹತ್ತು ನಿಮಿಷ ನಿದ್ದೆ ಬಂದವನಂತೆ ಬಿದ್ದುಕೊಂಡಿದ್ದೆ. ಆಮೇಲೆ ಚಟ್ಟ ಹೊತ್ತ ಆ ಹುಡುಗಿ ನೆನಪಾದಳು. ಎದ್ದು ಹೋದೆ, ತಂದೆ-ಮಗಳನ್ನು ಆಸ್ಪತ್ರೆಗೆ ಮುಟ್ಟಿಸಿದೆ. ಮಗು ಉಳಿಯಿತು. ಅವರು ಇವತ್ತಿಗೂ ಸಭೆಗೆ ಬಂದಿಲ್ಲ. ಬರಲಿ ಅಂತ ಮಾಡಿದ್ದೂ ಅಲ್ಲ. ಆ ಹತ್ತು ನಿಮಿಷಕ್ಕೆ ನಾನು ಇನ್ನೂ ಕರ್ತನ ಮುಂದೆ ಕ್ಷಮೆ ಕೇಳ್ತೀನಿ.

ಪ್ರೀತಿಸೋದು ಅಂದರೆ ಹೊಡೆತ ತಿಂತಾ ಸುಮ್ಮನಿರೋದಲ್ಲ. ಹಿಂಸೆಯಿಂದ ಓಡಿಬಂದವರಿಗೆ ರಮಾಬಾಯಿಯೇ ಆಶ್ರಯ ಕೊಟ್ಟರು. ವೈರಿಗೆ ಕಷ್ಟ ಬಂದಾಗ ನಮ್ಮ ಬಾಗಿಲು ತೆರೆಯುತ್ತದಾ, ಪ್ರಶ್ನೆ ಅದು. ನೀವು ಫೋನಿನಲ್ಲಿ ಬ್ಲಾಕ್ ಮಾಡಿದ ಒಂದು ಹೆಸರು ಈಗ ನೆನಪಿಗೆ ಬಂತಲ್ಲ, ಈ ವಾರ ಪ್ರತಿದಿನ ಆ ಹೆಸರು ಹಿಡಿದು ಪ್ರಾರ್ಥಿಸಿ. ಕಣ್ಣು ಮುಚ್ಚೋಣ.

ಕರ್ತನೇ, ನಾವು ನಿನಗೆ ವೈರಿಗಳಾಗಿದ್ದಾಗಲೇ ನಮ್ಮನ್ನು ಪ್ರೀತಿಸಿದಿ. ಅದೇ ಪ್ರೀತಿಯನ್ನು ನಮ್ಮೊಳಗೆ ಸುರಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.